ಟಕ್ ಎಂದದ್ದು ಯಾರಿಗೆ ಕೇಳಿಸಿತು

ಇವತ್ತು ಬೆಳಿಗ್ಗೆ ವಸ್ತ್ರಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರಿನ ಕೀಲಿ ತಿರುಗಿಸಿದೆ. ಎಂಜಿನ್ ಮಿಸುಕಲಿಲ್ಲ. ಬಾನೆಟ್ಟಿನ ಒಳಗೆಲ್ಲೋ ಒಂದು ಸಣ್ಣ 'ಟಕ್' ಮಾತ್ರ ಕೇಳಿಸಿತು, ಯಾರೋ ಮುಚ್ಚಿದ ಪೆಟ್ಟಿಗೆಯ ಮೇಲೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ಸುಮ್ಮನಾದ ಹಾಗೆ. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಆಮೇಲೆ ತಿರುಗಿಸಿದ್ದು ಗಾಡಿ ಹೊರಡಲಿ ಎಂದಲ್ಲ. ಆ ಸದ್ದು ಇನ್ನೊಮ್ಮೆ ಬರಲಿ ಎಂದು.

ಹಳೆಯದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರ ಜೊತೆ ನಾನು ಸಾಮಾನ್ಯವಾಗಿ ಜಗಳಕ್ಕೇ ನಿಲ್ಲುವವಳು. ಆಗ ಎಲ್ಲ ಚೆನ್ನಾಗಿತ್ತು ಅಂತಾರೆ. ಯಾರಿಗೆ ಚೆನ್ನಾಗಿತ್ತು, ಅದಕ್ಕೇನು ಪುರಾವೆ ಅಂತ ಕೇಳ್ತೇನೆ. ಹೆಚ್ಚಿನವರು ಅಲ್ಲಿಗೇ ಮಾತು ಬದಲಿಸುತ್ತಾರೆ. ಹಾಗಾಗಿ ನಿಮ್ಮ ಮುಂದೆ ನಾನು ಸುಖದ ಕತೆ ಇಡುವುದಿಲ್ಲ. ಆದರೆ ನೀವೂ ಒಂದು ಮನೆಯನ್ನು ಕಳೆದುಕೊಂಡವರಾದರೆ ಇಷ್ಟನ್ನು ಒಪ್ಪುತ್ತೀರಿ: ಮನೆ ಒಮ್ಮೆಗೇ ಹೋಗುವುದಿಲ್ಲ. ಮೊದಲು ಅದರ ಒಂದು ಸದ್ದು ಹೋಗುತ್ತದೆ. ಅದು ಹೋದದ್ದು ಆಗ ಯಾರ ಗಮನಕ್ಕೂ ಬಂದಿರುವುದಿಲ್ಲ.

ನಮ್ಮ ಮನೆ ವಡೋದರಾದ ಹೊರಗೆ, ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ಒಂದು ಹಳದಿ ಬಣ್ಣದ ಕ್ವಾರ್ಟರ್ಸು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತಷ್ಟೇ. ಗಾಳಿ ತಿರುಗಿದ ದಿನ ಒಣಹಾಕಿದ ಬಟ್ಟೆಗೆಲ್ಲ ಕೊಳೆತ ಮೊಟ್ಟೆಯ ವಾಸನೆ ಹತ್ತುತ್ತಿತ್ತು; ಸಂಜೆಯ ಹೊತ್ತಿಗೆ ದೂರದ ಚಿಮಣಿಯ ತುದಿಯಲ್ಲಿ ಉರಿಯುತ್ತಿದ್ದ ಬೆಂಕಿಯಿಂದ ನಮ್ಮ ಅಡುಗೆಮನೆಯ ಗೋಡೆ ಕಿತ್ತಳೆಯಾಗುತ್ತಿತ್ತು. ಆ ಗೋಡೆಗೆ ಬೆನ್ನು ಮಾಡಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗದಗಿನ ಕಡೆಯವರು ನಾವು. ಸುತ್ತಲೂ ಗೋಧಿಯ ತೆಳ್ಳಗಿನ ರೋಟ್ಲಿ ಬೇಯುವ ಓಣಿಯಲ್ಲಿ ಈ ಪಟಪಟ ಸದ್ದು ನಮ್ಮ ಮನೆಯದೊಂದೇ. ಅಪ್ಪ ಪಾಳಿ ಮುಗಿಸಿ ಬಂದು ಗೇಟಿನ ಚಿಲಕಕ್ಕೆ ಕೈ ಹಾಕಿದವನೇ ಅಲ್ಲಿಂದಲೇ ಕೂಗುತ್ತಿದ್ದ, "ಇವತ್ತಿನ ಹಿಟ್ಟಿಗೆ ಜಿಗಿನ ಇಲ್ಲ, ಹೌದಲ್ಲೊ?" ಅವ್ವ ಒಳಗಿನಿಂದ, "ಜಿಗಿ ಇರೂ ಹಿಟ್ಟ ನೀವ ಬೀಸ್ಕೊಂಡ ಬರ್ರಿ" ಎನ್ನುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿನಲ್ಲೇ, ಹಿಟ್ಟಿಗೆ ಅಂಟು ಸಾಲದೆ ಅಂಚು ಸೀಳುತ್ತಿದೆಯೋ ಇಲ್ಲವೋ ಅವನಿಗೆ ಗೊತ್ತಾಗುತ್ತಿತ್ತು. ಇದಕ್ಕೆ ಪುರಾವೆ ಬೇಕೆಂದರೆ, ನಾನೇ ಓಡಿಹೋಗಿ ತವೆಯ ಮೇಲೆ ನೋಡುತ್ತಿದ್ದೆ. ಅಂಚು ಸೀಳಿರುತ್ತಿತ್ತು.

ಅವನ ಕೆಲಸವೂ ಕಿವಿಯದೇ. ರಿಫೈನರಿಯ ಕಂಪ್ರೆಸರ್ ಮನೆಯಲ್ಲಿ ಆಪರೇಟರ್. ಒಂದು ಉಕ್ಕಿನ ಕಡ್ಡಿಯ ತುದಿಯನ್ನು ಓಡುತ್ತಿರುವ ಯಂತ್ರದ ಬೇರಿಂಗಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಒಳಗೆ ಏನು ಸವೆಯುತ್ತಿದೆ ಎಂದು ಹೇಳಬೇಕು. ಅವನು ಸರಿಯಿದೆ ಎಂದರೆ ಸರಿ, ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಅಂಥದೇ ಒಂದು ಕಡ್ಡಿ ನಮ್ಮ ಮನೆಯ ಟೂಲ್ ಪೆಟ್ಟಿಗೆಯಲ್ಲೂ ಇತ್ತು.

ನಮ್ಮ ಬಿಳಿ ಕಾರು ನಾನು ಹುಟ್ಟುವ ಮೊದಲಿನದು. ಚಳಿಗಾಲದಲ್ಲಿ ಅದು ಮೊಂಡು ಹಿಡಿದರೆ ಮನೆಮಂದಿಯೆಲ್ಲ ಶೆಡ್ಡಿಗೆ ಬರಬೇಕು. ಪ್ರತಿಯೊಬ್ಬರಿಗೂ ಒಂದು ಜಾಗ. ಅವ್ವ ಡ್ರೈವರ್ ಸೀಟಿನಲ್ಲಿ; ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಕೀಲಿ ತಿರುಗಿಸುವುದಷ್ಟೇ ಅವಳ ಪಾಲು. ಎದುರಿನ ಗೋಡೆಯ ಮೇಲೆ ಬಿದ್ದ ಹೆಡ್‌ಲೈಟಿನ ಬೆಳಕು ನೋಡುವವಳು ನಾನು. ಬಾನೆಟ್ ಎತ್ತಿ ಬಾಗಿ, ಕಿವಿಗೊಟ್ಟು ಕೇಳುವವನು ಅಪ್ಪ. ತರ್ಕ ಸರಳ. ಕೀಲಿ ತಿರುಗಿಸಿದಾಗ ಬೆಳಕು ಮಂಕಾದರೆ ಬ್ಯಾಟರಿ ಸೋತಿದೆ. ಬೆಳಕು ಹಾಗೇ ಇದ್ದು ಟಕ್ ಎನ್ನದಿದ್ದರೆ ಎಂಜಿನ್ ಎಬ್ಬಿಸುವ ಸ್ಟಾರ್ಟರ್‌ವರೆಗೆ ಕರೆಂಟೇ ಬರುತ್ತಿಲ್ಲ, ಕೀಲಿಯ ಸ್ವಿಚ್ಚೋ ವೈರೋ ಕೆಟ್ಟಿದೆ. ಬೆಳಕೂ ಇದ್ದು, ಟಕ್ ಎಂದೂ ಎಂಜಿನ್ ತಿರುಗದಿದ್ದರೆ ಕರೆಂಟು ಬಾಗಿಲಿಗೆ ಬಂದು ತಟ್ಟುತ್ತಿದೆ, ಸ್ಟಾರ್ಟರಿನ ಒಳಗಿನ ಮೋಟಾರು ಏಳುತ್ತಿಲ್ಲ. ಇದಕ್ಕೆಲ್ಲ ಒಂದೇ ಕಟ್ಟಳೆ. "ನಿಂದ ನೀ ಹೇಳು. ಮಂದೀದ ಹೇಳಬ್ಯಾಡ," ಎನ್ನುತ್ತಿದ್ದ ಅಪ್ಪ. ಬೆಳಕಿನ ಬಗ್ಗೆ ಅವ್ವ ಬಾಯಿ ಹಾಕುವಂತಿಲ್ಲ, ಸದ್ದಿನ ಬಗ್ಗೆ ನಾನು. ನಡುವೆ ಬಾಯಿ ಹಾಕಿದರೆ ಅವತ್ತಿನ ಪರೀಕ್ಷೆ ಮೊದಲಿನಿಂದ. ಮುಂದೆ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ನಾನು ಸೋಲಿಸುತ್ತಿದ್ದದ್ದು ಇದೇ ಕಟ್ಟಳೆಯಿಂದ: ನೀವೇ ಕಂಡಿರಾ, ಇನ್ನೊಬ್ಬರು ಹೇಳಿದ್ದಾ? ಆ ಕಟ್ಟಳೆಯಲ್ಲೊಂದು ತೂತಿತ್ತು. ಹೇಳುವವನ ಕಣ್ಣು ಕಿವಿ ನೆಟ್ಟಗಿವೆಯೇ ಎಂದು ಅದು ಕೇಳುತ್ತಿರಲಿಲ್ಲ.

ಒಂದು ಜನವರಿಯ ಭಾನುವಾರ ಸೂರತ್ತಿನ ಉಧ್ನಾದ ಒಂದು ಕಾಲೇಜಿನಲ್ಲಿ ನನ್ನ ಚರ್ಚಾಸ್ಪರ್ಧೆ. ಕಾರಿನಲ್ಲೇ ಕರಕೊಂಡು ಹೋಗುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಅದೇ ವಾರ ಗಾಡಿ ನಿಂತಿತು. ಶೆಡ್ಡಿನಲ್ಲಿ ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಅವ್ವ ಕೀಲಿ ತಿರುಗಿಸಿದಳು. "ಲೈಟ್ ಹಂಗ ಐತಿ," ಅಂದೆ ನಾನು. ಅಪ್ಪ ಬಾನೆಟ್ಟಿನ ಕೆಳಗಿನಿಂದ, "ಟಕ್ ಇಲ್ಲ," ಅಂದ.

ನನಗೆ ಕೇಳಿಸಿತ್ತು. ಗೋಡೆಯ ಹತ್ತಿರ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವ್ವ ಗಾಜಿನ ಆಚೆಯಿಂದ ನನ್ನನ್ನು ನೋಡಿದಳು. ಆದರೆ ಸದ್ದು ಅಪ್ಪನ ಪಾಲಿನದು. ಅಪ್ಪ ಸ್ಟೇರಿಂಗಿನ ಕೆಳಗೆ ಬಿಚ್ಚಿ, ಹೊಸ ಸ್ವಿಚ್ಚು ತಂದು ಹಾಕಿದ. ಮತ್ತೆ ಪರೀಕ್ಷೆ, ಮತ್ತೆ "ಟಕ್ ಇಲ್ಲ". ವೈರು ಬದಲಿಸಿದ. ಪಕ್ಕದ ಮನೆಯ ಮುಕುಂದಭಾಯಿ ಹಲ್ಲುಜ್ಜುತ್ತ ಗೇಟಿಗೆ ಬಂದು, "ಶು ಥಯು, ಹೀರಾಭಾಯಿ? ಧಕ್ಕೋ ಮಾರೀಯೆ?" ಅಂತ ಕೂಗಿದರು. ಹಿರೇಮಠ ಅನ್ನುವ ನಮ್ಮ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ಹೀರಾಭಾಯಿ ಆಗಿತ್ತು. ಏನಾಯಿತು, ದೂಡೋಣವೇ ಎಂದು ಅವರು ಕೇಳಿದ್ದು ಅಪ್ಪನಿಗೆ ಅವಮಾನ. "ದೂಡಿದ್ರ ಬ್ಯಾನಿ ಹೋಗತೈತೇನು?" ಎಂದು ನಮ್ಮ ಕಡೆ ಗೊಣಗಿ, ಅವರ ಕಡೆ ಕೈಯಾಡಿಸಿದ.

ಶನಿವಾರ ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಟಕ್ ಅಂತು."

"ನಿಂದೇನು ಕೆಲಸ?"

"ಲೈಟ್ ನೋಡೂದು. ಆದ್ರ ಆವಾಜ್ ಬಂತಲಾ."

"ವಕೀಲ್ರ, ಬಾನೆಟ್ಟಿನಾಗ ತಲಿ ಇಟ್ಟಾಂವ ನಾನು. ನನಗ ಕೇಳ್ಸಿಲ್ಲ, ನಿನಗ ಗ್ವಾಡಿ ಹಂತ್ಯಾಕ ಕೇಳ್ಸಿತೇನು?"

"ಹೌದು. ಅವ್ವನ್ನ ಕೇಳು."

ಅಪ್ಪ ಅವ್ವನ ಕಡೆ ತಿರುಗಿದ. ಅವಳು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು, "ನಾ ಕೀಲಿ ಅಷ್ಟ ತಿರುವೂದು," ಅಂದಳು. ಅವಳು ಹಾಗೆ ಅಂದದ್ದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಒಂದು ಮಾತಿನಲ್ಲಿ ನನ್ನ ವಾದ ಗೆಲ್ಲಿಸಬಹುದಿತ್ತಲ್ಲ ಎಂದು ಸಿಟ್ಟು ಬಂತು. "ಹಂಗಾರ ಕಡ್ಡಿ ಹಚ್ಚಿ ನೋಡು. ಪುರಾವೆ ಸಿಗತೈತಿ," ಅಂದೆ.

ಅವನು ನಕ್ಕ. ಪೆಟ್ಟಿಗೆಯಿಂದ ಕಡ್ಡಿ ತೆಗೆದು, ಒಂದು ತುದಿಯನ್ನು ಸ್ಟಾರ್ಟರಿನ ಮೇಲೆ ಊರಿ, ಇನ್ನೊಂದನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿಕೊಂಡ. ಅವ್ವ ಕೀಲಿ ತಿರುಗಿಸಿದಳು. ಅಪ್ಪನ ನಗು ನಿಂತಿತು. "ಬಡೀತು," ಅಂದ. ಕೇಳಿಸಿತು ಅನ್ನಲಿಲ್ಲ. ಕಡ್ಡಿ ತೆಗೆದು, ಬರೀ ಕಿವಿಯನ್ನು ಇನ್ನಷ್ಟು ಹತ್ತಿರ ಒಡ್ಡಿ, "ಇನ್ನೊಮ್ಮೆ ತಿರುವು" ಅಂದ. ಟಕ್ ಎಂದದ್ದು ನನಗೂ ಅವ್ವನಿಗೂ ಕೇಳಿಸಿತು. ಅವನು ಕಾಯುತ್ತಲೇ ಇದ್ದ. ಅವ್ವ ತಿರುಗಿಸಿಯಾಗಿದೆ ಎಂದು ಅವಳ ಮುಖ ನೋಡಿ ತಿಳಿದುಕೊಂಡ. ಕಡ್ಡಿಯನ್ನು ಇನ್ನೊಂದು ಕಿವಿಗೆ ಹಚ್ಚಿ ನೋಡಿದ, ಅದನ್ನೂ ತೆಗೆದು ನೋಡಿದ. ಯಂತ್ರಗಳ ನಡುವೆ ಹೇಗೋ ಹಾಗೆ, ಅವಸರವಿಲ್ಲದೆ, ಒಂದೊಂದೇ ಸಾಧ್ಯತೆಯನ್ನು ಬದಿಗೆ ಸರಿಸುತ್ತ ಹೋದ. ಕೊನೆಗೆ ಕಡ್ಡಿಯನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೇಳಿದ, "ಮೊದಲಿನ ಸ್ವಿಚ್ ಛಲೋ ಇತ್ತು. ವೈರೂ ಛಲೋ ಇದ್ವು. ಮೋಟಾರಿನಾಗಿನ ಬ್ರಶ್ ಸವದಾವು, ಕರೆಂಟ್ ಒಳಗ ದಾಟವಲ್ದು." ಸುತ್ತಿಗೆಯ ಮರದ ಹಿಡಿಯಿಂದ ಮೋಟಾರಿಗೆ ಮೆಲ್ಲಗೆ ತಟ್ಟಿದ, ಅವ್ವ ಕೀಲಿ ತಿರುಗಿಸಿದಳು, ಗಾಡಿ ಗರ್ರೆಂದು ಎದ್ದಿತು. ರೋಗ ಹಿಡಿದದ್ದು ಸರಿಯಾಗಿತ್ತು. ನಾನು ಚಪ್ಪಾಳೆ ತಟ್ಟಬೇಕೆಂದು ಕೈ ಎತ್ತಿದವಳು ಅವ್ವನ ಮುಖ ನೋಡಿ ಇಳಿಸಿದೆ. ಎಂಜಿನ್ ಎಷ್ಟೋ ಹೊತ್ತು ಸುಮ್ಮನೆ ಓಡುತ್ತಿದ್ದರೂ ಆರಿಸಲು ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಅವ್ವ ಅದನ್ನು ಆರಿಸಿ, ಒಳಗೆ ಹೋಗಿ ರೊಟ್ಟಿಗೆ ಕೂತಳು. ಪಟಪಟ ಸದ್ದು ಶೆಡ್ಡಿನವರೆಗೂ ಬಂತು. ಹಿಟ್ಟಿನ ಜಿಗಿಯ ಮಾತನ್ನು ಅಪ್ಪ ಎಷ್ಟು ಕಾಲದಿಂದ ಆಡಿಲ್ಲ ಎಂದು ನಾನು ಲೆಕ್ಕ ಹಾಕಲು ನೋಡಿದೆ. ಸಿಗಲಿಲ್ಲ. ಹಿಟ್ಟೇ ಚೆನ್ನಾಗಿ ಬರುತ್ತಿದೆ ಅಂತ ನಾವು ಅಂದುಕೊಂಡಿದ್ದೆವು.

ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಸೋಮವಾರ ಸಾಹೇಬ್ರಿಗೆ ಹೇಳಿಬಿಡ್ತೀನಿ."

"ಏನಂತ? ಸುಮ್ಮನಿರ್ರಿ. ಕಡ್ಡಿ ಹಚ್ಚಿದ್ರ ತಿಳೀತೈತಲ್ಲ? ಯಾರಿಗೆ ಗೊತ್ತಾಗತೈತಿ?" ಅವ್ವನ ದನಿ ಜೋರಿತ್ತು. ಅವತ್ತಿನಿಂದ ಅದು ಇಳಿಯಲಿಲ್ಲ.

"ಬಡಿಯೂದು ತಿಳೀತೈತಿ. ಸವೆಯೂದು ತಿಳ್ಯಾಂಗಿಲ್ಲ. ಕಂಪ್ರೆಸರ್ ಒದರಾಕ ಹತ್ತಿರತೈತಿ, ನಾ ಛಲೋ ಐತಿ ಅಂತ ಹೇಳಿ ಚಾ ಕುಡ್ಯಾಕ ಹೋಗಿರ್ತೀನಿ. ಅಲ್ಲಿ ಒಳಗ ಮಂದಿ ಇರ್ತಾರ."

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಇವತ್ತಿಗೂ ಆ ವಾದಕ್ಕೆ ಎದುರು ವಾದ ಹುಡುಕುತ್ತಲೇ ಇದ್ದೇನೆ.

ಮರುದಿನ ರೈಲಿನಲ್ಲೇ ಹೋದೆವು. ಸವೆದ ಬ್ರಶ್ಶನ್ನು ನಂಬಿ ಅಷ್ಟು ದೂರ ಹೊರಡುವಂತಿರಲಿಲ್ಲ. ಕಾಲೇಜಿನ ಸಭಾಂಗಣದ ಹಿಂದೆಯೇ ಮಗ್ಗಗಳ ಖಟಖಟ. ಅಪ್ಪ ಮೊದಲ ಸಾಲಿನಲ್ಲಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅಕ್ಕಪಕ್ಕದವರ ಕೈ ನೋಡಿ, ಒಂದು ಗಳಿಗೆ ತಡವಾಗಿ ತಟ್ಟಿದ. ಮೊದಲ ಬಹುಮಾನ ನನಗೇ ಬಂತು. ವಾಪಸು ಬರುವಾಗ, "ಏನಂದಿ, ಇನ್ನೊಮ್ಮೆ ಹೇಳು ನೋಡೂಣು," ಎಂದು ಕಿಟಕಿಯ ಪಕ್ಕದಿಂದ ನನ್ನ ಕಡೆ ಸರಿದು ಕೂತ. ಅವನ ಕಿವಿಯ ಹತ್ತಿರ ಬಾಗಿ ಪೂರ್ತಿ ಭಾಷಣ ಹೇಳಿದೆ. ಅವನು ಉದ್ದಕ್ಕೂ ತಲೆಯಾಡಿಸಿದ. ತಲೆಯಾಡಿಸಬಾರದ ಕಡೆಯೂ.

ಸೋಮವಾರ ಅವನು ಹೋಗಿ ಹೇಳಿಯೇ ಬಂದ. ಉಗ್ರಾಣದಲ್ಲಿ ಒಂದು ಮೇಜು ಕೊಟ್ಟರು. ನಟ್ಟು ಬೋಲ್ಟುಗಳಿಗೆ ಸದ್ದಿಲ್ಲ, ಆರಾಮ ಐತಿ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದ. ಕಿವಿಯ ಯಂತ್ರ ಬಂತು. ಅದರಲ್ಲಿ ಎಲ್ಲವೂ ಸಂತೆಯಂತೆ ಕಲಸಿಹೋಗುತ್ತದೆ ಎಂದು ಡಬ್ಬಿಗೆ ಹಾಕಿಟ್ಟ. ನಾವು ಕೂಗಿ ಮಾತಾಡಿದೆವು. ಕೂಗುವಾಗ ಸಣ್ಣ ಮಾತು ಆಡಲಾಗುವುದಿಲ್ಲ, ನಿಮಗೆ ಗೊತ್ತಿರಬಹುದು. ಜಿಗಿ, ಅಂಚು, ಚೇಷ್ಟೆ, ವಕೀಲ್ರ ಎಂಬ ಕಿಚಾಯಿಸುವಿಕೆ, ಇವು ಯಾವುವೂ ಕೂಗಿನಲ್ಲಿ ಉಳಿಯುವುದಿಲ್ಲ. ಊಟಕ್ಕೆ ಬಾ, ಬಾಗಿಲು ಹಾಕು, ಫೋನ್ ಬಂದಿದೆ, ಇಷ್ಟೇ ಉಳಿದವು. ಆಮೇಲೆ ಅವೂ ಕೈಸನ್ನೆಯಾದವು. ಅವನು ನನ್ನೊಡನೆ ವಾದ ಮಾಡುವುದನ್ನು ಬಿಟ್ಟ. ಅದರಷ್ಟು ದೊಡ್ಡ ಸೋಲು ನನಗೆ ಯಾವ ವೇದಿಕೆಯ ಮೇಲೂ ಆಗಿಲ್ಲ. ನಿವೃತ್ತಿಯಾಯಿತು, ಕ್ವಾರ್ಟರ್ಸು ಬಿಟ್ಟೆವು, ಕಾರು ಯಾರಿಗೋ ಹೋಯಿತು. ಕೆಲವು ವರ್ಷಗಳ ಹಿಂದೆ ಅಪ್ಪನೂ ಹೋದ. ಆ ಹಳದಿ ಮನೆಗಳ ಸಾಲನ್ನು ಕೆಡವಿದ್ದಾರೆ. ನಾನು ನೋಡಿ ಬಂದಿದ್ದೇನೆ, ಇನ್ನೊಬ್ಬರು ಹೇಳಿದ್ದಲ್ಲ. ಶೆಡ್ಡಿನ ಗೋಡೆಯೂ ಇಲ್ಲ.

ಇವತ್ತು ನಾನು ಮೇಲೆ ಮನೆಗೆ ಫೋನ್ ಮಾಡಿ ಗಾಡಿ ಏಳುತ್ತಿಲ್ಲ, ಆಫೀಸಿಗೆ ತಡವಾಗುತ್ತದೆ ಎಂದಷ್ಟೇ ಹೇಳಿದ್ದೆ. ಅವ್ವ ಲಿಫ್ಟಿನಲ್ಲಿ ಇಳಿದು ಬಂದಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು, ಸೆರಗಿಗೆ ಒರೆಸಿಕೊಂಡಳು. ನಾನು ಇಳಿದೆ, ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಬಾನೆಟ್ ಎತ್ತಿ, ಹೆಡ್‌ಲೈಟು ಬಿದ್ದ ಗೋಡೆಯ ಹತ್ತಿರ ಹೋಗಿ ನಿಂತೆ. ಎತ್ತಿದ ಬಾನೆಟ್ಟಿನ ಕೆಳಗೆ ಯಾರೂ ಇರಲಿಲ್ಲ.

ಅವ್ವ ಕೀಲಿ ತಿರುಗಿಸಿದಳು.

"ಲೈಟ್ ಹಂಗ ಐತಿ," ಅಂದೆ.

ಇಬ್ಬರಿಗೂ ಕೇಳಿಸಿತು. ಇಬ್ಬರೂ ಕಾದೆವು. ಅದನ್ನು ಹೇಳುವ ಪಾಲು ನಮ್ಮದಲ್ಲ.