ಸಹಿ ಹಾಕಿದವನೇ ಹತ್ತಬೇಕು

ಯುದ್ಧ ಮುಗಿದ ಮೇಲೆ ಬಾಂಬು ಹಾಕುವ ವಿಮಾನಕ್ಕೆ ಏನು ಕೆಲಸ ಕೊಡುತ್ತೀರಿ? ವಿಮಾನ ರಿಪೇರಿ ವರ್ಕ್‌ಶಾಪಿನ ಮೇಸ್ತ್ರಿ ನೋಡಿಕೊಳ್ಳುತ್ತಿದ್ದ ಬಾಂಬರಿಗೆ ಮೊದಲು ಕ್ಯಾಮೆರಾ ಕಟ್ಟಿ, ನಕ್ಷೆಗೆಂದು ನೆಲದ ಫೋಟೋ ತೆಗೆಸಿದರು. ಆಮೇಲೆ ಹೊಟ್ಟೆಗೆ ನೀರಿನ ಟ್ಯಾಂಕ್ ತುರುಕಿ ಕಾಡಿನ ಬೆಂಕಿ ಆರಿಸಲು ಅಟ್ಟಿದರು. ಊರು ಸುಟ್ಟ ಪಾಪ ತೊಳೆದುಕೊಳ್ಳಲಿ ಬಿಡಿ ಎಂದು ಮೇಸ್ತ್ರಿ ನಗುತ್ತಿದ್ದ. ಇಪ್ಪತ್ತೆರಡು ವರ್ಷ ಅದರ ಬೋಲ್ಟು ಬಿಗಿದವನು ಅವನು. ವರ್ಕ್‌ಶಾಪಿನವರು ಅದನ್ನು 'ಮುದುಕಿ' ಎನ್ನುತ್ತಿದ್ದರು. ಅವನ ಹೆಂಡತಿ ಮಾತ್ರ 'ನನ್ನ ಸವತಿ' ಎನ್ನುತ್ತಿದ್ದಳು.

ಆ ವರ್ಕ್‌ಶಾಪಿನಲ್ಲೊಂದು ಕಟ್ಟುಪಾಡಿತ್ತು: ವಿಮಾನ ಹಾರಬಹುದು ಎಂದು ಸಹಿ ಹಾಕಿದವನು ಆ ಹಾರಾಟದಲ್ಲಿ ತಾನೂ ಕೂರಬೇಕು. ಪ್ರಾಣದ ಆಸೆ ಇದ್ದವರು ಯಾರೂ ಕಣ್ಣು ಮುಚ್ಚಿ ಸಹಿ ಹಾಕುತ್ತಿರಲಿಲ್ಲ.

ಕೊನೆಗೆ ಮುದುಕಿಗೂ ಊರು ಹೋಗು, ಕಾಡು ಬಾ ಅನ್ನುವ ಕಾಲ ಬಂತು. ನಲವತ್ತು ನಿಮಿಷ ಹಾರಿ, ಅದನ್ನು ಕಾಯಂ ಆಗಿ ನಿಲ್ಲಿಸಲಿದ್ದ ಮ್ಯೂಸಿಯಂ ಪಕ್ಕದ ಬಯಲಲ್ಲಿ ಇಳಿದರೆ ಮುಗಿಯಿತು. ಹಿಂದಿನ ದಿನ ಟ್ಯಾಂಕ್ ಕಳಚಿದರು. ಅದರ ಹಿಂದೆ ಅಡಗಿದ್ದ, ಬಲರೆಕ್ಕೆಯನ್ನು ಹೊತ್ತ ಲೋಹದ ತೊಲೆಯನ್ನು ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿದ. ಒಡೆದ ಮಡಕೆಯ ಸದ್ದು ಬಂತು. ಟಾರ್ಚ್ ಹಿಡಿದರೆ ಕೂದಲೆಳೆಯಷ್ಟು ಬಿರುಕು.

"ನಾನು ಸಹಿ ಹಾಕಲ್ಲ," ಎಂದ ಮೇಸ್ತ್ರಿ.

"ಇಂಜಿನ್ ಸದ್ದು ಕೇಳಿ ಕೇಳಿ ನಿಮ್ಮ ಕಿವಿ ಹೋಗಿದೆ. ಅದು ಬಣ್ಣದ ಗೆರೆ ಕಣ್ರೀ," ಎಂದು ಮ್ಯಾನೇಜರ್ ಕಾಗದವನ್ನು ಕಿರಿಯ ಫಿಟ್ಟರ್ ಮುಂದೆ ಹಿಡಿದ. ಆ ಫಿಟ್ಟರ್ ಮೇಸ್ತ್ರಿಯ ಅಳಿಯ. ಮಾವನ ಜಾಗ ಮುಂದಿನ ತಿಂಗಳು ಅವನಿಗೇ ಎಂದು ಮಾತಾಗಿತ್ತು. ಅವನು ಸಹಿ ಹಾಕಿಬಿಟ್ಟ.

"ಮನೇಲಿ ನನ್ನ ಮಗಳಿಗೆ ಏಳು ತಿಂಗಳು ಕಣಪ್ಪಾ," ಎಂದ ಮೇಸ್ತ್ರಿ.

"ಒಂದೇ ಸಲ ಅಲ್ವಾ ಮಾವ? ಇದರಲ್ಲಿ ನಾನು ಎಷ್ಟು ಸಲ ಹೋಗಿಲ್ಲ!"

ಹೇಳಿ ಪ್ರಯೋಜನವಿಲ್ಲ ಎಂದು ಮೇಸ್ತ್ರಿಗೆ ಗೊತ್ತಾಯಿತು. ಬೆಳಿಗ್ಗೆ ಪೈಲಟ್ ಬರುವ ಮೊದಲೇ ಅವನು ಗರಗಸ ಹಿಡಿದು ವಿಮಾನದೊಳಗೆ ಹೋದ. ಮ್ಯಾನೇಜರ್ ಕೂಗಾಡುತ್ತ ಓಡಿ ಬರುವಷ್ಟರಲ್ಲಿ ಬಿರುಕಿದ್ದ ತುಂಡನ್ನು ಕೊಯ್ದು ತೆಗೆದಾಗಿತ್ತು. ಇನ್ನು ಮುದುಕಿಯನ್ನು ಯಾರೂ ಹಾರಿಸುವಂತಿರಲಿಲ್ಲ. ಅಳಿಯ ಉಳಿದ, ಅಷ್ಟು ಸಾಕು ಎಂದುಕೊಂಡು ಮೇಸ್ತ್ರಿ ತುಂಡನ್ನು ಎಲ್ಲರೆದುರು ಬಿರುಕಿನಲ್ಲೇ ಮುರಿದ.

ಹೊಸದಾಗಿ ಮುರಿದ ಲೋಹ ಹೊಳೆಯಬೇಕು. ಹೊಳೆದದ್ದು ಉಗುರಿನಗಲ ಮಾತ್ರ. ಮಿಕ್ಕದ್ದೆಲ್ಲ ಎಣ್ಣೆ ಕುಡಿದು ಕರ್ರಗಾಗಿತ್ತು.

"ಮಾವ, ಇದು ನಿನ್ನೆ ಮೊನ್ನೇದಲ್ಲ," ಎಂದ ಅಳಿಯ. "ಎಷ್ಟೋ ವರ್ಷದ್ದು."

ಮೇಸ್ತ್ರಿ ಆ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅಷ್ಟೂ ವರ್ಷ ಸಹಿ ಹಾಕಿದವನು ಅವನೇ. ಪ್ರತಿ ಸಲವೂ "ಬಾಪ್ಪಾ, ನಾನೇ ನೋಡಿದ್ದೀನಿ, ಏನೂ ಆಗಲ್ಲ" ಎಂದು ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದವನೂ ಅವನೇ.