ಒಂಟೆ ನೀರು ಕುಡಿಯೋಕೆ ಶುರು ಮಾಡಿದ್ದು

ಏಯ್, ಆ ಕಡೆ ಬೈಕ್ ಒರೆಸ್ತಾ ನಿಂತಿರೋನೇ, ಬಟ್ಟೆ ಕೆಳಗಿಡು. ಮಹಡಿ ಮೇಲೆ ದಿಂಬು ಒಣಗಿಸ್ತಿರೋ ಅಕ್ಕಾ, ನೀನೂ ಸ್ವಲ್ಪ ಈ ಕಡೆ ಕಿವಿ ಕೊಡು. ಎಲ್ಲಿದ್ದೀರೋ ಅಲ್ಲೇ ನಿಂತು ಕೇಳಿ. ನನ್ನ ವಾಯ್ಸ್ ಮೆಸೇಜನ್ನ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳೋರು ಯಾರು ಅಂತ ನಂಗೆ ಚೆನ್ನಾಗಿ ಗೊತ್ತು, ಅವರು ಇವತ್ತೊಂದಿನ ಮರ್ಯಾದೆಯಾಗಿ ಕೇಳಿ. ಯಾಕಂದ್ರೆ ಇದು ನಮ್ಮ ದೊಡ್ಡಮ್ಮನ ಕತೆ.

ದೊಡ್ಡಮ್ಮ ಅಂದ್ರೆ ನಮ್ಮಮ್ಮನ ಅಕ್ಕ, ಶಾಲೇಲಿ ಲೆಕ್ಕದ ಟೀಚರ್. ನಾನು ಅವಳ ಮನೇಲಿದ್ಕೊಂಡೇ ಕಾಲೇಜಿಗೆ ಹೋಗೋದು. ಶಾಲೇಲಿ ಅವಳಿಗೊಂದು ಅಡ್ಡಹೆಸರಿದೆ: ಒಂಟೆ. ಮಕ್ಕಳು ಇಟ್ಟಿದ್ದಲ್ಲ, ಜೊತೆಗಿರೋ ಟೀಚರ್‌ಗಳೇ ಇಟ್ಟಿದ್ದು. ಬೆಳಿಗ್ಗೆ ಮನೇಲಿ ಒಂದು ಲೋಟ ಟೀ ಕುಡಿದು ಹೊರಟ್ರೆ, ಸಂಜೆ ವಾಪಸ್ ಬರೋವರೆಗೂ ಒಂದು ಹನಿ ನೀರು ಮುಟ್ತಿರ್ಲಿಲ್ಲ. ಮುಟ್ಟಿದ್ರೆ ಹೋಗ್ಬೇಕಾಗತ್ತಲ್ಲ. ಎಲ್ಲಿಗೆ ಅಂತ ಕೇಳ್ಬೇಡಿ, ನೀವೆಲ್ಲ ಹೋಗೋ ಕಡೆಗೇ. ಅದು ಇರೋದು ಮೈದಾನದ ಆ ತುದೀಲಿ. ಪೀರಿಯಡ್ ಮಧ್ಯೆ ಕ್ಲಾಸ್ ಬಿಡೋ ಹಾಗಿಲ್ಲ, ಇಂಟರ್‌ವಲ್‌ನಲ್ಲಿ ಮಕ್ಕಳ ಜಗಳ ಬಿಡಿಸ್ಬೇಕು, ಊಟದ ಹೊತ್ತಲ್ಲಿ ಒಂದು ಕೈ ತುತ್ತಿಗೆ, ಒಂದು ಕೈ ಕೆಂಪು ಪೆನ್ನಿಗೆ. ಹಾಗಾಗಿ ಆ ಶಾಲೆಯೋರೆಲ್ಲ ಸೇರಿ ಒಂದು ದಾರಿ ಕಂಡ್ಕೊಂಡಿದ್ರು, ಕುಡೀದೇ ಇದ್ರೆ ಮುಗೀತು ಅಂತ. ಅದರಲ್ಲಿ ದೊಡ್ಡಮ್ಮನ್ನ ಮೀರಿಸೋರಿಲ್ಲ. ಒಂಟೆ ಅನ್ನೋದು ಬೈಗುಳ ಅಲ್ಲ, ಬಿರುದು. ಹೊಸ ಟೀಚರ್ ಯಾರಾದ್ರೂ ಬಂದ್ರೆ ಹೆಡ್‌ಮಿಸ್ಸು ಇವಳನ್ನ ತೋರಿಸಿ, "ಇವರನ್ನ ನೋಡಿ ಕಲೀರಿ" ಅಂತಿದ್ರು. ಇವಳೂ ಸೆರಗು ಸರಿ ಮಾಡ್ಕೊಂಡು ಬೀಗ್ತಿದ್ಲು.

ಬೀಗಿದ್ದು ಸಾಕಾಯ್ತು. ಹೋದ ತಿಂಗಳು ಬೋರ್ಡ್ ಮೇಲೆ ಭಿನ್ನರಾಶಿ ಬರೀತಾ ಬರೀತಾ ಸೊಂಟ ಹಿಡ್ಕೊಂಡು ನೆಲದ ಮೇಲೇ ಕೂತುಬಿಟ್ಲು. ಕಿಡ್ನೀಲಿ ಕಲ್ಲು, ಜೊತೆಗೆ ಇನ್ಫೆಕ್ಷನ್. ಡಾಕ್ಟ್ರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರ್ಲಿಲ್ಲ, ಬೈಯೋದು ಮಾತ್ರ ಥೇಟ್ ಅಜ್ಜಿ ತರ.

"ನೀರು ಕುಡೀರಿ, ಬಂದಾಗ ತಡ್ಕೋಬೇಡಿ, ಹೋಗಿ. ಇಷ್ಟು ಮಾಡಲ್ಲ ಅಂದ್ರೆ ಮುಂದಿನ ಸಲ ಆಪರೇಷನ್ ಕೋಣೇಲಿ ಸಿಗೋಣ ಅಮ್ಮಾ."

ದೊಡ್ಡಪ್ಪ ಪಕ್ಕದಲ್ಲೇ ಇದ್ರು. ಸುಮ್ನಿರ್ಬೇಕೋ ಬೇಡ್ವೋ? "ಅಂತೂ ಒಂಟೆಗೆ ನೀರು ಕುಡಿಸೋಕೆ ಆಸ್ಪತ್ರೆಗೇ ಬರ್ಬೇಕಾಯ್ತಲ್ಲೇ" ಅಂದ್ರು.

"ನಗ್ರಿ, ನಗ್ರಿ. ನಾಳೆಯಿಂದ ನಾನು ಎಮ್ಮೆ" ಅಂದ್ಲು ದೊಡ್ಡಮ್ಮ.

ಹೇಳಿದ ಹಾಗೇ ಮಾಡಿದ್ಲು. ಒಂದು ಹಳದಿ ಬಾಟ್ಲಿ ತಂದ್ಲು ನೋಡಿ, ಅದು ಬಾಟ್ಲಿ ಅಲ್ಲ, ಹಿಡಿ ಇರೋ ಬಾವಿ. ಕ್ಲಾಸಲ್ಲಿ ಮೇಜಿನ ಮೇಲೆ ಎಲ್ರಿಗೂ ಕಾಣೋ ಹಾಗೆ ಇಡೋಳು, ಒಂದೊಂದು ಲೆಕ್ಕ ಮುಗಿದ ಮೇಲೂ ಗಟಗಟ ಕುಡಿಯೋಳು. ಹೋಗ್ಬೇಕು ಅನ್ನಿಸ್ದಾಗ ಪಕ್ಕದ ಕ್ಲಾಸಿನ ಭೂಗೋಳದ ಮೇಷ್ಟ್ರನ್ನ ಕರೆಯೋಳು. ಎರಡು ಕೋಣೆ ಮಧ್ಯೆ ಒಂದು ಬಾಗಿಲಿದೆ. ಅವರು ಹೊಸ್ತಿಲ ಮೇಲೆ ನಿಂತು, ಒಂದು ಕಣ್ಣು ಈ ಕಡೆ, ಒಂದು ಕಣ್ಣು ಆ ಕಡೆ ಇಟ್ಕೊಂಡು ಎರಡೂ ಕ್ಲಾಸ್ ಕಾಯೋರು. ಇವಳು ಹೋಗಿ ಬಂದ್ಮೇಲೆ ಅವರ ಸರದಿ. ಯಾರಿಗೂ ಏನೂ ನಷ್ಟ ಇಲ್ಲ.

ನಿನ್ನೆ ಹೆಡ್‌ಮಿಸ್ಸು ಅದನ್ನ ನೋಡಿಬಿಟ್ರು. ದೊಡ್ಡಮ್ಮನ್ನ ಕಾರಿಡಾರಲ್ಲೇ ನಿಲ್ಲಿಸಿ ಶುರು ಮಾಡಿದ್ರು. "ಇನ್ಮೇಲೆ ಕ್ಲಾಸ್ ಬಿಟ್ಟು ಒಂದು ಹೆಜ್ಜೆ ಆಚೆ ಇಡಕೂಡ್ದು. ಅಷ್ಟು ಕಷ್ಟ ಆದ್ರೆ ಆರನೇ ಕ್ಲಾಸ್ ಬಿಟ್ಟುಕೊಟ್ಟು ಆಫೀಸಲ್ಲಿ ಕೂತ್ಕೊಳ್ಳಿ. ಅಲ್ಲಿ ಕ್ಲಾಸ್ ಕಾಯೋ ಗೋಜಿಲ್ಲ, ಹಾಯಾಗಿ ಹೋಗ್ಬನ್ನಿ."

ಆ ಆರನೇ ಕ್ಲಾಸ್ ಅಂದ್ರೆ ಇವಳಿಗೆ ಪ್ರಾಣ. ವರ್ಷದ ಮೊದಲಲ್ಲಿ ಲೆಕ್ಕ ಅಂದ್ರೆ ಬೆಂಚಿನ ಕೆಳಗೆ ತೂರ್ಕೊಳ್ತಿದ್ದ ಮಕ್ಕಳು, ಈಗ ಬೋರ್ಡಿಗೆ ಬರೋಕೆ ನಾ ಮುಂದು ತಾ ಮುಂದು ಅಂತ ಜಗಳ ಆಡ್ತಾರೆ. ನಿನ್ನೆ ಸಂಜೆ ಮನೆಗೆ ಬಂದವಳು ಮುಖ ಕೂಡ ತೊಳೀಲಿಲ್ಲ. "ಸೊಂಟ ಉಳಿಸ್ಕೊಂಡ್ರೆ ಕ್ಲಾಸ್ ಹೋಗತ್ತೆ, ಕ್ಲಾಸ್ ಉಳಿಸ್ಕೊಂಡ್ರೆ ಸೊಂಟ" ಅಂತ ಕುರ್ಚಿಗೆ ಹೇಳ್ತಿದ್ಲು.

ನಾನು ಮೆತ್ತಗೆ, "ಸ್ವಲ್ಪ ಕಮ್ಮಿ ಕುಡಿ ದೊಡ್ಡಮ್ಮಾ" ಅಂದೆ.

"ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ" ಅಂದ್ಲು. ನಾನು ಹೇಳ್ಲಿಲ್ಲ. ನಂಗೂ ಬದುಕೋ ಆಸೆ ಇದೆ.

ಈಗ ಇವತ್ತಿಗೆ ಬನ್ನಿ. ಇದನ್ನ ಭೂಗೋಳದ ಮೇಷ್ಟ್ರು ಸಂಜೆ ನಮ್ಮನೆಗೆ ಟೀಗೆ ಬಂದು, ಎದ್ದು ನಿಂತು ಮಾಡಿ ತೋರಿಸಿದ್ರು.

ಬೆಳಿಗ್ಗೆ ಎರಡನೇ ಪೀರಿಯಡ್. ದೊಡ್ಡಮ್ಮ ನೀರು ಕುಡಿದ್ಲು. ಹೊತ್ತು ಬಂತು. ಸೀಮೆಸುಣ್ಣ ಕೆಳಗಿಟ್ಟು, "ಎಲ್ಲ ಏಳಿ, ಸಾಲಾಗಿ ನಿಂತ್ಕೊಳ್ಳಿ. ಏಳರ ಮಗ್ಗಿ ಹೇಳ್ತಾ ನನ್ನ ಹಿಂದೆ ಬನ್ನಿ. ನಿಲ್ಲಿಸಿದ್ರೆ ಮತ್ತೆ ಮೊದಲಿಂದ" ಅಂದ್ಲು. ಇಡೀ ಆರನೇ ಕ್ಲಾಸು ಬಿಸಿಲಲ್ಲಿ ಮೈದಾನದ ಉದ್ದಕ್ಕೂ ಹೊರಟ್ತು. ಮುಂದೆ ಇವಳು, ಕಂಕುಳಲ್ಲಿ ಹಳದಿ ಬಾಟ್ಲಿ. ಮಕ್ಕಳನ್ನ ಮರದ ನೆರಳಲ್ಲಿ ನಿಲ್ಲಿಸಿ ತಾನು ಒಳಗೆ ಹೋದ್ಲು. ಮಗ್ಗಿ ನಡೀತಾ ಇದೆ. ಎಲ್ಲೋ ಒಂದು ಕಡೆ ಕೆಲವರು ಎಡವಿದ್ರು. ತಕ್ಷಣ ಒಳಗಿಂದ ದನಿ ಬಂತು: "ಏಳೆಂಟ್ಲೆ ಐವತ್ತಾರು. ಐವತ್ನಾಲ್ಕು ಅಂದಿದ್ದು ಯಾರು? ಮತ್ತೆ ಹೇಳಿ."

ಹೆಡ್‌ಮಿಸ್ಸು ವರಾಂಡದಲ್ಲಿ ಕಂಬದ ಪಕ್ಕ ಇನ್ನೊಂದು ಕಂಬ ಆಗಿದ್ರಂತೆ.

ಕೊನೇ ಬೆಲ್ ಆಗಿದ್ದೇ ತಡ, ಎಲ್ರೂ ಸ್ಟಾಫ್‌ ರೂಮಿಗೆ.

"ಏನಿದು ಮೆರವಣಿಗೆ?" ಅಂದ್ರು ಹೆಡ್‌ಮಿಸ್ಸು.

"ಕ್ಲಾಸ್ ಬಿಟ್ಟು ಹೋಗ್ಬಾರ್ದು ಅಂದ್ರಿ ಮೇಡಂ. ಬಿಡ್ಲಿಲ್ಲ, ಕರ್ಕೊಂಡೇ ಹೋದೆ. ಪಾಠನೂ ನಿಲ್ಲಿಸ್ಲಿಲ್ಲ."

"ನಾನು ಇಷ್ಟು ವರ್ಷ ಪಾಠ ಮಾಡಿದೀನಿ. ಒಂದು ದಿನ ಮಧ್ಯೆ ಎದ್ದು ಹೋಗಿಲ್ಲ."

"ನಾನೂ ಹಾಗೇ ಹೆಮ್ಮೆ ಪಡ್ತಿದ್ದೆ ಮೇಡಂ. ಆಸ್ಪತ್ರೇಲಿ ಆ ಹೆಮ್ಮೆಗೆ ಒಂದು ಹಾಸಿಗೆ ಕೊಟ್ಟು ಗ್ಲೂಕೋಸ್ ಹಾಕಿದ್ರು."

"ಆಫೀಸಿಗೆ ಹಾಕ್ತೀನಿ ಅಂದಿದ್ದು ನೆನಪಿದೆ ತಾನೇ?"

"ಹಾಕಿ. ಆದ್ರೆ ಮಕ್ಕಳ ಅಪ್ಪ ಅಮ್ಮನ್ನ ಕರೆಸಿ ಕಾರಣ ನೀವೇ ಹೇಳ್ಬೇಕು. ಲೆಕ್ಕದ ಟೀಚರ್ ನೀರು ಕುಡಿದ್ರು, ಅದಕ್ಕೆ ತೆಗೆದೆ ಅಂತ. ನಾನು ಪಕ್ಕದಲ್ಲೇ ನಿಂತಿರ್ತೀನಿ, ಬಾಟ್ಲಿ ಹಿಡ್ಕೊಂಡು."

ಆಮೇಲೆ ಮೂಲೇಲಿದ್ದ ಸಂಗೀತದ ಟೀಚರ್, ಹಾಡೋದು ಬಿಟ್ರೆ ಬಾಯೇ ಬಿಡದೋರು, "ನಾಳೆ ನಾನೂ ನನ್ನ ಕ್ಲಾಸ್ ಕರ್ಕೊಂಡು ಹೋಗ್ತೀನಿ, ಹಾಡಿಸ್ಕೊಂಡು" ಅಂದ್ರು.

"ನಾನು ನಕ್ಷೆ ಹಿಡ್ಕೊಂಡು ಬರ್ತೀನಿ. ದಾರಿ ತಪ್ಪಬಾರ್ದಲ್ಲ" ಅಂದ್ರು ಭೂಗೋಳದ ಮೇಷ್ಟ್ರು.

ಹೆಡ್‌ಮಿಸ್ಸು ಕಿಟಕಿಯಿಂದ ಖಾಲಿ ಮೈದಾನ ನೋಡಿದ್ರು. ಅಲ್ಲಿ ನಾಳೆ ಏನೇನು ಕಾಣ್ಬೋದು ಅಂತ ಲೆಕ್ಕ ಹಾಕಿರ್ಬೇಕು. "ಸಂತೆ ಮಾಡ್ಬೇಡಿ. ಬಾಗಿಲಲ್ಲಿ ಯಾರನ್ನಾದ್ರೂ ನಿಲ್ಲಿಸಿ ಹೋಗಿ. ಬೇಗ ಬನ್ನಿ" ಅಂತ ಹೇಳಿ ಎದ್ದು ಹೋದ್ರು. ನಗಲಿಲ್ಲ, ಕ್ಷಮಿಸಿ ಅನ್ನಲಿಲ್ಲ. ಅದನ್ನ ಯಾರು ಕೇಳಿದ್ರು ಬಿಡಿ.

ಮೇಷ್ಟ್ರು ಹೊರಟ ಮೇಲೆ ನಾನು ಕೇಳಿದೆ. "ಬೇಗ ಬನ್ನಿ ಅಂದಿದಾರಂತಲ್ಲ, ಓಡ್ತೀಯಾ?"

"ಯಾಕೆ ಓಡ್ಲಿ? ಮೈದಾನದಲ್ಲಿ ಮರ ಇದೆ, ಗಾಳಿ ಇದೆ. ನಡ್ಕೊಂಡು ಹೋಗಿ ನಡ್ಕೊಂಡು ಬರ್ತೀನಿ. ಕ್ಲಾಸ್ ನಂದು, ಕಿಡ್ನೀನೂ ನಂದು."

ತಿದ್ದೋಕೆ ತಂದ ನೋಟ್‌ಬುಕ್ ಚೀಲ ಇವತ್ತು ಬಿಚ್ಚಲಿಲ್ಲ. ಸಿಂಕ್ ಹತ್ರ ಹೋಗಿ ಹಳದಿ ಬಾಟ್ಲೀನ ಬ್ರಶ್ ಹಾಕಿ ತಿಕ್ಕಿ ತೊಳೆದ್ಲು. ಕುತ್ತಿಗೆವರೆಗೂ ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಬಾಗಿಲ ಹತ್ರ ತನ್ನ ಚಪ್ಪಲಿ ಪಕ್ಕದಲ್ಲೇ ಇಟ್ಟು ಬಂದ್ಲು.