ಹೆಸರಿನ ಕಲ್ಲಿನ ಕೆಳಗಿಂದ ಬಂದ ಸದ್ದು

ಕಾಗಿಣಾ ಹೊಳೆದಂಡೆಯ ಶರಣ ಮುತ್ಯಾನ ಗದ್ದುಗೆಗೆ ನಡೆದುಕೊಳ್ಳುವ ನಿಮ್ಮೆಲ್ಲರ ಮುಂದೆ ಇದನ್ನು ಹೇಳಲೇಬೇಕು ಎಂದು ಬರೆಯಲು ಕುಳಿತಿದ್ದೇನೆ. ನನ್ನ ತಂಗಿಯ ಮಗಳು ಮಹಾದೇವಿ ಕಳೆದ ಶ್ರಾವಣದಲ್ಲಿ ನೆಲ ಬಡಿಯಲು ಶುರು ಮಾಡಿದಳು. ಹದಿನೇಳರ ಹುಡುಗಿ. ಕೂತಲ್ಲಿ ನಿಂತಲ್ಲಿ ಬಗ್ಗುವಳು, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿಯುವಳು, ಆಮೇಲೆ ನೆಲಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚುವಳು. ಓಣಿಯವರು ಗಾಳಿ ಸೋಕಿದೆ ಎಂದರು. ನಾನು ಚಿತ್ತಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಾಳಿ, ಗ್ರಹ ಎಂದು ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಬಾಯಿಗೆ ಹೆದರಿ ಅವರು ನನ್ನೆದುರು ಸುಮ್ಮನಿರುತ್ತಿದ್ದರು, ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ಮಹಾದೇವಿಯ ತಂದೆ ವೀರಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್. ಮನೆ ವಾಡಿಯಲ್ಲಿ. ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರವಾರ ಕಲಬುರಗಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕಿತ್ತು. ತಾನು ಟಿಕೆಟ್ ಕೊಡುತ್ತಿದ್ದ ಬಸ್ಸಿನಲ್ಲೇ ಕಿಟಕಿಗೆ ತಲೆ ಆನಿಸಿ ಕೂತು ಹೋಗುತ್ತಿದ್ದ. ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ನಾನು ರಜೆ ಹಾಕಿ ಹೋಗಿದ್ದೆ. ಬಸ್ಸಿನ ಕಂಬಿಗೆ ಉಂಗುರ ಬಡಿಯುವ ರೂಢಿ ಮಂಚದ ಮೇಲೂ ಅವನನ್ನು ಬಿಟ್ಟಿರಲಿಲ್ಲ. ಮಂಚದ ಕಬ್ಬಿಣಕ್ಕೆ ಉಂಗುರ ತಾಗಿಸುತ್ತ ಹೇಳಿದ:

"ಅಕ್ಕಾರೆ, ಪೋರಿಗಿ ಪುಸ್ತಕ ಹತ್ತಂಗಿಲ್ಲ. ಹತ್ತನೇತ್ತಾ ಪಾಸಾದ್ರ ಸಾಕು. ಆಕಿ ಕೈಗೊಂದು ಕಸುಬು ಹಚ್ಚಿಕೊಡ್ರಿ. ನಿಮ್ಮ ತಂಗಿ ಭಾಳ ಮೆತ್ತನಾಕಿ, ಆಕಿ ಕೈಲೆ ಆಗಂಗಿಲ್ಲ."

ಹಚ್ಚಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಎರಡು ದಿನಕ್ಕೆ ಅವನು ಲಿಂಗೈಕ್ಯನಾದ.

ಆಗ ಗದ್ದುಗೆಯ ಮುಂದಿನ ಹೊಸ ಮಂಟಪಕ್ಕೆ ಶಹಾಬಾದ ಕಲ್ಲು ಹಾಸುತ್ತಿದ್ದರು. ತೀರಿಕೊಂಡವರ ಹೆಸರು ಕೆತ್ತಿಸಿ ಒಂದೊಂದು ಕಲ್ಲಿನ ಸೇವೆ ಮಾಡಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಮುತ್ಯಾನ ದರ್ಶನಕ್ಕೆ ಬರುವವರ ಪಾದಧೂಳಿ ನಮ್ಮವರ ಹೆಸರಿನ ಮೇಲೆ ಬೀಳಲಿ ಎಂಬ ಆಸೆ. ತಂಗಿ ಶರಣಮ್ಮನೂ ಗಂಡನ ಹೆಸರಿನ ಕಲ್ಲು ಹಾಕಿಸಿದಳು. ಶ್ರಾವಣ ಸೋಮವಾರ ಮೂವರೂ ಹೋಗಿದ್ದೆವು. ಮಹಾದೇವಿ ಆ ಕಲ್ಲಿಗೆ ಹಣೆ ಹಚ್ಚಿದವಳು ಏಳಲೇ ಇಲ್ಲ. ಹಿಂದೆ ಬಂದವರು ದಾರಿ ಬಿಡಮ್ಮ ಎಂದು ಗೊಣಗತೊಡಗಿದರು. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ದೊಡ್ಡವ್ವ, ಅಪ್ಪ ಕೆಳಗಿಂದ ಬಡೀಲಿಕತ್ತಾರ."

ನಾನೂ ಕಿವಿ ಹಚ್ಚಿದೆ. ತಣ್ಣಗಿನ ಕಲ್ಲು, ಮತ್ತೇನಿಲ್ಲ. ಉಪವಾಸಕ್ಕೆ ತಲೆ ತಿರುಗಿದೆ ಎಂದು ಗದರಿಸಿ ಪ್ರಸಾದಕ್ಕೆ ಕೂರಿಸಿದೆ. ಅವಳು ಎಲೆಯ ಪಕ್ಕದ ನೆಲವನ್ನು ಬಡಿದು ನೋಡುತ್ತಿದ್ದಳು.

ಕೊಟ್ಟ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮೊದಲು ಚಿತ್ತಾಪುರದಲ್ಲಿ ನನಗೆ ಗೊತ್ತಿದ್ದ ಒಬ್ಬ ಹೊಲಿಗೆಯಾಕೆಯ ಹತ್ತಿರ ಕಲಿಯಲು ಬಿಟ್ಟೆ. ವಾರ ತುಂಬುವುದರೊಳಗೆ ಆಕೆ ನನ್ನ ಶಾಲೆಯ ಬಾಗಿಲಿಗೇ ಬಂದಳು. "ಅಕ್ಕೋರೆ, ತಪ್ಪು ತಿಳೀಬ್ಯಾಡ್ರಿ. ಮಷೀನ್ ನಿಂದರಿಸಿ ನೆಲಕ್ಕ ಕಿವಿ ಹಚ್ಚತಾಳ. ಉಳಿದ ಹುಡುಗ್ಯಾರು ಅಂಜಿ ಬರೂದೇ ಬಿಟ್ಟಾರ." ಆಮೇಲೆ ಸೇಡಂನಲ್ಲಿ ಮೋಟರ್ ವೈಂಡಿಂಗ್ ಮಾಡುವ ನನ್ನ ಹಳೆಯ ವಿದ್ಯಾರ್ಥಿಯ ಅಂಗಡಿ. ಅವನು ಪಾಪ, ಗುರುಗಳ ಮಾತು ತೆಗೆದುಹಾಕಲಾರದೆ ತಿಂಗಳಿಟ್ಟುಕೊಂಡ. ಕೊನೆಗೆ ಒಂದು ದಿನ ಅವನೇ ಫೋನ್ ಮಾಡಿದ. "ಟೀಚರ್, ಕೈ ಚಲೋ ಅದ ಆಕೀದು. ಆದ್ರ ಗಿರಾಕಿ ನಿಂತಾಗ 'ನೀವು ನಿಂತಿದ್ದು ಖಾಲಿ ಜಾಗಾ' ಅಂತಾಳ್ರಿ. ಮಂದಿ ಹ್ಯಾಂಗ ಬರಬೇಕು?"

ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಅದರ ಮುಂದಿನ ಭಾನುವಾರ. ಮಟಮಟ ಮಧ್ಯಾಹ್ನ. ತಂಗಿಯ ವಾಡಿಯ ಮನೆ. ಶರಣಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಹಾದೇವಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಎರಡೂ ಕೈ ಕೆನ್ನೆಯ ಕೆಳಗೆ. ನಾನು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ನನ್ನ ತೊಡೆಯ ಕೆಳಗಿನ ಕಲ್ಲಿಗೆ ಯಾರೋ ಒಳಗಿನಿಂದ ಬಡಿದರು. ಟಕ್ ಟಕ್. ಸದ್ದಿಗಿಂತ ಮೊದಲು ಅದು ನನ್ನ ಮೂಳೆಗೆ ತಾಗಿತು. ವಾಡಿಯಲ್ಲಿ ಗೂಡ್ಸ್ ಗಾಡಿ ಹೋದರೆ ಪಾತ್ರೆ ಪಡಗ ಅಲ್ಲಾಡುತ್ತವೆ, ಅದನ್ನು ಎಲ್ಲರೂ ಬಲ್ಲರು. ಎದ್ದು ಹೋಗಿ ಹೊರಗೆ ನೋಡಿದೆ. ಗಾಡಿ ಯಾವುದೂ ಇರಲಿಲ್ಲ, ನಾಯಿಯೂ ಬೊಗಳಲಿಲ್ಲ. ತಿರುಗಿ ಬಂದಾಗ ಹುಡುಗಿ ಮಲಗಿದಲ್ಲಿಂದ ಅಲ್ಲಾಡದೆ ಕೇಳಿದಳು:

"ನಿನಗೂ ಕೇಳಿಸ್ತಲ್ಲ, ದೊಡ್ಡವ್ವ?"

ನನಗೆ ಕೇಳಿಸಲಿಲ್ಲ ಎಂದುಬಿಟ್ಟೆ. ಹುಣಸೆಹಣ್ಣು ಎತ್ತಿಕೊಂಡು ಆ ಕಲ್ಲು ಬಿಟ್ಟು ದೂರ ಕೂತೆ.

ಶರಣಮ್ಮ ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಚಿಂಚೋಳಿ ಕಡೆ ಗಾಳಿ ಬಿಡಿಸುವವನೊಬ್ಬನಿದ್ದಾನಂತೆ, ಅಮಾವಾಸ್ಯೆಗೆ ಕರೆದೊಯ್ಯಬೇಕಂತೆ. ಕೂದಲು ಹಿಡಿದು ಬೇವಿನ ಬರಲಿನಿಂದ ಹೊಡೆಯುತ್ತಾರಂತೆ. ನಾನು ಕೂಗಾಡಿದೆ. ಮೆತ್ತಗಿನ ನನ್ನ ತಂಗಿ ಅಂದು ಮೆತ್ತಗಾಗಲಿಲ್ಲ.

"ಅಕ್ಕಾ, ನಿನಗ ಗೊತ್ತಾಗಂಗಿಲ್ಲ. ಅವರೇ ಬಡೀಲಿಕತ್ತಾರ. ಒಬ್ಬರೇ ಇರಲಿಕ್ಕಾಗವಲ್ದು, ಮಗಳನ್ನ ಕರೀಲಿಕತ್ತಾರ. ನಾ ಗಂಡನ್ನ ಕಳಕೊಂಡೀನಿ, ಮಗಳನ್ನ ಕೊಡಂಗಿಲ್ಲ."

ಬಡಿತ ನನಗೂ ಕೇಳಿತ್ತಲ್ಲ. ಆದರೂ ಒಮ್ಮೆ ಆ ಬರಲಿನ ಕೆಳಗೆ ಕೂತರೆ ಹುಡುಗಿಗೆ ಜೀವನಪೂರ್ತಿ ಗಾಳಿಯವಳು ಎಂಬ ಹೆಸರು. ಕಸುಬು ಹಾಗಿರಲಿ, ಒಂದು ಲೋಟ ನೀರು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಅಮಾವಾಸ್ಯೆಯ ಹಿಂದಿನ ದಿನ ಮಹಾದೇವಿಯನ್ನು ಕರೆದುಕೊಂಡು ಶಹಾಬಾದ ಬಸ್ ಹತ್ತಿದೆ, ಅಲ್ಲಿಂದ ಆಟೋ ಹಿಡಿದು ಗದ್ದುಗೆಗೆ ಹೋದೆ. ಪ್ರಸಾದ ಮುಗಿದ ಹೊತ್ತು. ಪೂಜಾರಿ ಮನೆಗೆ ಹೋಗಿದ್ದರು. ಬಿಸಿಲು ಮಂಟಪದ ಅರ್ಧದವರೆಗೆ ಬಂದಿತ್ತು. ಒಂದು ಕಂಬಕ್ಕೆ ಒರಗಿ ಬಿಳಿ ಟವೆಲ್ ಮುಖಕ್ಕೆ ಮುಚ್ಚಿಕೊಂಡು ಯಾರೋ ಮುದುಕ ಮಲಗಿದ್ದ.

ಮುತ್ಯಾನ ಮುಂದೆ ನಾನು ಬೇಡಿಕೊಳ್ಳಲಿಲ್ಲ, ಜಗಳವನ್ನೇ ಮಾಡಿದೆ. 'ಎಷ್ಟು ಸೋಮವಾರ ನಿನ್ನ ಹೊಸ್ತಿಲು ತೊಳೆದಿದ್ದೇನೆ, ಏನಾದರೂ ಕೇಳಿದ್ದೇನಾ? ಈ ಸದ್ದು ನಿಲ್ಲಿಸು. ನಿಲ್ಲಿಸಲಾಗದಿದ್ದರೆ ಇದನ್ನು ಹೊತ್ತುಕೊಂಡೇ ಬದುಕುವಂಥ ಒಂದು ಕೈಕೆಲಸ ಕೊಡು. ಎರಡೂ ಆಗದಿದ್ದರೆ ನಾನು ನಿನ್ನ ಮೆಟ್ಟಿಲು ತುಳಿಯುವುದಿಲ್ಲ.' ದುಃಖ ಒತ್ತರಿಸಿ ಬಂತು. ಗದ್ದುಗೆಗೆ ತಲೆಯಿಟ್ಟು ಅತ್ತೆ.

ಹಿಂದಿನಿಂದ ಸದ್ದು ಕೇಳಿತು. ಮಹಾದೇವಿ ಮೊಣಕಾಲೂರಿ ಮಂಟಪದ ಕಲ್ಲುಗಳನ್ನು ಒಂದೊಂದಾಗಿ ಬಡಿಯುತ್ತ ಬರುತ್ತಿದ್ದಳು. ಹೆಸರಿಲ್ಲದ ಕಲ್ಲನ್ನು ಬಡಿದು ಮುಂದೆ ಹೋಗುವಳು. ಹೆಸರಿನ ಕಲ್ಲು ಬಂದರೆ ನಿಲ್ಲುವಳು.

"ಇದು ಖಾಲಿ," ಎಂದಳು. ಸರಿದಳು. "ಇದೂ ಖಾಲಿ. ದೊಡ್ಡವ್ವ, ಹೆಸರಿದ್ದವರ ಕೆಳಗ ಯಾರ ಕೆಳಗೂ ಏನೂ ಇಲ್ಲ."

ಕಂಬದ ಬಳಿಯ ಮುದುಕ ಟವೆಲ್ ಸರಿಸಿ ಎದ್ದು ಕೂತಿದ್ದ.

"ಯಾರು ಹೇಳ್ಯಾರ ನಿನಗ?" ಎಂದು ಗದರಿದ. "ಏ ಪೋರಿ, ನಿನಗ ಯಾರು ಹೇಳಿ ಕಳಸ್ಯಾರ?"

ಅವನು ಭಂಕೂರಿನ ಸಾಯಿಬಣ್ಣ ಗೌಂಡಿ. ಗೋಡೆ ಕಟ್ಟುವುದು, ನೆಲ ಹಾಸುವುದು ಅವನ ಕಸುಬು. ಈ ಮಂಟಪದ ನೆಲ ಅವನದೇ ಕೈಕೆಲಸ. ಯಾರೂ ಹೇಳಿಲ್ಲ, ಅವಳಿಗೆ ಕೇಳುತ್ತದೆ ಎಂದೆ. ಅವನು ನಂಬಲಿಲ್ಲ. ಪ್ರಸಾದದ ಮನೆಗೆ ಕರೆದೊಯ್ದು, ಅಲ್ಲಿನ ನೆಲ ಬಡಿದು ಹೇಳು ಎಂದ. ಅವಳು ಮೂಲೆಯ ಒಂದು ಕಲ್ಲನ್ನು ತೋರಿಸಿ, ಇದರ ಅರ್ಧ ಮಾತ್ರ ಖಾಲಿ ಎಂದಳು. ಸಾಯಿಬಣ್ಣ ತನ್ನ ಚೀಲದಿಂದ ಕಟ್ಟಿಗೆಯ ಕೊಡತಿ ತೆಗೆದು ತಾನೂ ಬಡಿದು ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು.

"ಅಕ್ಕೋರೆ, ಕಲ್ಲ ಹಾಸಿದ ಮ್ಯಾಲ ಕೊಡತೀಲೆ ಬಡದು ಬಡದು ಕುಂದ್ರಿಸಬೇಕು," ಎಂದ. "ಆವಾಗ ಕೆಳಗಿನ ಸಿಮೆಂಟ್ ಗಿಲಾವು ಗಟ್ಟಿ ಹಿಡಿತದ. ಹೆಸರಿಂದು ಬಂದಾಗ ನನ್ನ ಕೈ ಏಳಲಿಲ್ಲರಿ. ಸತ್ತವರ ಹೆಸರಿನ ಮ್ಯಾಲ ಹ್ಯಾಂಗ ಹೊಡೀಲಿ? ಅಂಗೈಲೆ ಒತ್ತಿ ಬಿಟ್ಟೆ. ಎಲ್ಲಾ ಹೆಸರಿನ ಕಲ್ಲಿಗೂ ಹಂಗೇ ಮಾಡೀನಿ. ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ."

ನೋಡಿ ನಮ್ಮ ಜನರ ಭಕ್ತಿ. ಊರಿನವರೆಲ್ಲ ತುಳಿಯಲಿ ಎಂದು ಹಾಕಿಸಿದ ಹೆಸರಿಗೆ ಕೊಡತಿ ತಾಗಿಸಲು ಕೈ ಬರುವುದಿಲ್ಲ! ಅಳುತ್ತಿದ್ದವಳಿಗೆ ನಗು ಬಂತು. ಖಾಲಿ ಕಲ್ಲು ಜನ ನಡೆದಂತೆ ಸದ್ದು ಮಾಡುತ್ತದೆ, ಹುಡುಗಿ ಅದನ್ನೇ ಕೇಳಿದ್ದಾಳೆ, ಮುಗಿಯಿತು ಎಂದುಕೊಂಡೆ. ಎದೆಯ ಮೇಲಿನ ಭಾರ ಇಳಿಯಿತು.

ಸಾಯಿಬಣ್ಣ ನಮ್ಮೊಂದಿಗೆ ವೀರಣ್ಣನ ಕಲ್ಲಿನ ಹತ್ತಿರ ಬಂದ. ಇದನ್ನೇ ಮೊದಲು ಎತ್ತುತ್ತೇನೆ, ತಪ್ಪು ಸರಿಮಾಡುತ್ತೇನೆ ಎಂದು ಕೂತ. ಮಂಟಪದಲ್ಲಿ ಇದ್ದವರು ನಾವು ಮೂವರು. ಯಾರೂ ನಡೆಯುತ್ತಿರಲಿಲ್ಲ. ಅವನ ಕೊಡತಿ ಇನ್ನೂ ಗಾಳಿಯಲ್ಲಿತ್ತು.

ಟಕ್ ಟಕ್.

ನಾನು ಅವನನ್ನು ನೋಡಿದೆ. ಅವನು ಮಹಾದೇವಿಯ ಕೈಗಳನ್ನು ನೋಡಿದ. ಅವಳ ಕೈಗಳು ಎದೆಯ ಮೇಲಿದ್ದವು.

"ನಾ ಬಡದಿಲ್ಲರಿ," ಎಂದ ಅವನು. ದನಿ ಪಿಸುಗುಟ್ಟಿದಂತಿತ್ತು. "ಮುತ್ಯಾನ ಆಣಿ, ನಾ ಬಡದಿಲ್ಲ."

ಸಣ್ಣ ಹಾರೆ ಹಾಕಿ ಕಲ್ಲು ಎತ್ತಿದ. ಕೆಳಗೆ ಕುಸಿದ ಒಣ ಮರಳು, ಅಂಗೈ ತೂರುವಷ್ಟು ಸಂದು. ಹುಳ ಇಲ್ಲ, ಇರುವೆ ಇಲ್ಲ. ಒಳಗಿನ ಗಾಳಿ ಮಾತ್ರ ತಣ್ಣಗೆ ನಮ್ಮ ಮುಖಕ್ಕೆ ತಾಗಿತು. ಮಹಾದೇವಿ ಆ ಸಂದನ್ನು ನೋಡುತ್ತಲೇ ಕೂತಳು. ಆಮೇಲೆ ಶ್ರಾವಣದಿಂದ ನಾನು ನೋಡಿರದ ನಗು ಅವಳ ಮುಖಕ್ಕೆ ಬಂತು.

"ದೊಡ್ಡವ್ವ, ಅವ್ವ ತಪ್ಪ ತಿಳದಾಳ. ಅಪ್ಪ ಕರೀಲಿಕತ್ತಿಲ್ಲ. ಬಸ್ ನಿಂದರಿಸಬೇಕಂದ್ರ ಅಪ್ಪ ಕಂಬಿಗೆ ಒಂದೇ ಸಲ ಬಡೀತಿದ್ರು. ಎರಡು ಬಡದ್ರ ಏನು? ರೈಟ್, ಹೊಂಡು ಅಂತ."

ವೀರಣ್ಣನ ಬಸ್ಸಿನಲ್ಲಿ ಎಷ್ಟು ವರ್ಷ ಓಡಾಡಿದ್ದೇನೆ! ಆ ಎರಡು ಬಡಿತ ಕೇಳಿಯೇ ಅಲ್ಲವೇ ದಿನವೂ ಶಾಲೆಗೆ ಹೋಗುತ್ತಿದ್ದದ್ದು?

ಸಾಯಿಬಣ್ಣ ಬೆವರು ಒರೆಸಿಕೊಂಡು ಹೇಳಿದ: "ಅಕ್ಕೋರೆ, ಈ ಪೋರಿನ್ನ ನನ್ನ ಕೈಕೆಳಗ ಬಿಡ್ರಿ. ನೆಲದ ಕೆಲಸ ಪೂರಾ ಕಲಸ್ತೀನಿ. ಹೆಣ್ಣು ಅಂತ ನೋಡಬ್ಯಾಡ್ರಿ, ನನ್ನ ಸೊಸಿನೂ ಕಲ್ಲಿನ ಪಾಲಿಶ್ ಕೆಲಸಕ್ಕೇ ಹೋಗ್ತಾಳ, ಇಬ್ಬರೂ ಕೂಡೇ ಹೋಗಿ ಬರ್ತಾರ. ಒಂದೇ ಮಾತು. ಹೆಸರಿನ ಕಲ್ಲ ಎಲ್ಲಾ ಎತ್ತಿ ಮತ್ತ ಹಾಸಬೇಕು. ಆದ್ರ ಕೊಡತಿ ಆಕಿನೇ ಹಿಡೀಬೇಕು. ನನ್ನ ಕೈಲೆ ಇನ್ನೂ ಆಗಂಗಿಲ್ಲ."

ಮರುದಿನ ಅಮಾವಾಸ್ಯೆ. ಚಿಂಚೋಳಿಯ ಬಸ್ಸಿಗೆ ಸೀರೆ ಉಟ್ಟು ತಯಾರಾಗಿದ್ದ ಶರಣಮ್ಮನನ್ನು ನಾನು ಕೈಹಿಡಿದು ಗದ್ದುಗೆಗೆ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಬೈದಳು, ಅತ್ತಳು. ಮಂಟಪದಲ್ಲಿ ಸಾಯಿಬಣ್ಣ ಗಿಲಾವು ಕಲಸಿ ಹರಡಿ ವೀರಣ್ಣನ ಕಲ್ಲನ್ನು ಅದರ ಮೇಲೆ ಇಟ್ಟಿದ್ದ. ಮಹಾದೇವಿ ಸೆರಗಿನಂತೆ ದುಪಟ್ಟಾ ಸೊಂಟಕ್ಕೆ ಕಟ್ಟಿ, ಕೊಡತಿ ಎತ್ತಿದಳು. ಅಪ್ಪನ ಹೆಸರಿನ ಮೇಲೆ ಬೀಳುವ ಮೊದಲು ಕೈ ಒಂದು ಗಳಿಗೆ ನಿಂತಿತು. ಶರಣಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹುಡುಗಿ ಹೊಡೆದಳು, ಮೂಲೆಯಿಂದ ಮೂಲೆಗೆ, ನಡುವೆ, ಮತ್ತೆ ಮೂಲೆಗೆ. ಟೊಳ್ಳು ಸದ್ದು ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಕೊನೆಗೆ ಕೊಡತಿ ಕೆಳಗಿಟ್ಟು, ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಹಚ್ಚಿದಳು.

"ಏನಂತಾರ?" ಎಂದಳು ನನ್ನ ತಂಗಿ, ಕಣ್ಣು ತೆರೆಯದೆ.

"ಏನೂ ಇಲ್ಲವ್ವ. ತುಂಬ್ಯದ."

ಶರಣಮ್ಮ ಆ ಕಲ್ಲಿನ ಪಕ್ಕದಲ್ಲೇ ಕೂತು ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಅವಳು ಮತ್ತೆ ಚಿಂಚೋಳಿಯ ಹೆಸರೆತ್ತಲಿಲ್ಲ.

ಅಂದಿನಿಂದ ಮಹಾದೇವಿ ಮನೆಯ ನೆಲ ಬಡಿದಿಲ್ಲ. ಕೆಲಸದ ನೆಲ ಬಡಿಯುತ್ತಾಳೆ, ಅದಕ್ಕೆ ದಿನಗೂಲಿ ಬರುತ್ತದೆ. ಮಳಖೇಡದ ಒಂದು ಮನೆಯ ನೆಲವನ್ನು ಮೊನ್ನೆ ಪೂರ್ತಿ ತಾನೇ ಹಾಸಿದಳು. ಉಸ್ತಾದ ಸಾಯಿಬಣ್ಣ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ, ಒಂದು ತಪ್ಪೂ ತೋರಿಸಲಿಲ್ಲವಂತೆ. ಅಂಗೈ ತುಂಬ ಗುಳ್ಳೆ ಎಂದು ತಾಯಿ ಎಣ್ಣೆ ಹಚ್ಚಿ ಗೊಣಗುತ್ತಾಳೆ. ಆ ಗೊಣಗಾಟ ಕೇಳಲು ನನಗೆ ಬಹಳ ಸುಖ.

ಸದ್ದು ನಿಲ್ಲಿಸು, ಇಲ್ಲವೇ ಕೆಲಸ ಕೊಡು ಎಂದು ನಾನು ಮುತ್ಯಾನ ಮುಂದೆ ಪಟ್ಟು ಹಿಡಿದಿದ್ದೆ. ನನ್ನಪ್ಪ ಮುತ್ಯಾ ಎರಡನ್ನೂ ಮಾಡಿದ. ಅಂದು ಗಾಳಿಯಲ್ಲಿದ್ದ ಕೊಡತಿಯ ಕೆಳಗೆ ಬಡಿದವರು ಯಾರು ಎಂದು ನಾನು ಕೇಳಲು ಹೋಗಿಲ್ಲ, ಸಾಯಿಬಣ್ಣನೂ ಆ ಮಾತು ಎತ್ತುವುದಿಲ್ಲ. ಗದ್ದುಗೆಗೆ ಬಂದಾಗ ನೀವು ಆ ಮಂಟಪದಲ್ಲಿ ಧೈರ್ಯವಾಗಿ ಕಾಲಿಡಿ. ನಿಮ್ಮವರ ಹೆಸರುಗಳೆಲ್ಲ ಈಗ ಗಟ್ಟಿ ನೆಲದ ಮೇಲಿವೆ, ನಮ್ಮ ಹುಡುಗಿ ಕೂರಿಸಿದ್ದಾಳೆ.

ಕಳೆದ ಸೋಮವಾರ ವಾಡಿಯ ಬಸ್ ನಿಲ್ದಾಣದಲ್ಲಿ ಅವಳನ್ನು ಕೆಲಸಕ್ಕೆ ಬೀಳ್ಕೊಟ್ಟೆ. ಕೊಡತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಮೀಸೆ ಇನ್ನೂ ಸರಿಯಾಗಿ ಮೂಡದ ಹೊಸ ಕಂಡಕ್ಟರ್ ಬಾಗಿಲಲ್ಲಿ ನಿಂತು ಕಂಬಿಗೆ ಎರಡು ಸಲ ಬಡಿದ. ಬಸ್ ಹೊರಟಿತು. ನಾನು ನಿಂತಲ್ಲೇ ಕೈ ಮುಗಿದೆ.